‘ಟಕ್ ಟಕ್’ ಸದ್ದಿನ ಬೇರು ಎಲ್ಲಿದೆ?

ಗುಂಡಿ, ಹಂಪ್ ದಾಟುವಾಗ ಕಾರಿನ ತಳದಿಂದ ಬರುವ ಸದ್ದು ಬರೀ ಕಿರಿಕಿರಿಯಲ್ಲ. ಬ್ರೇಕ್ ಮತ್ತು ಸ್ಟೀರಿಂಗ್‌ನಷ್ಟೇ ಜೀವಕ್ಕೆ ಸಂಬಂಧಿಸಿದ ಸಸ್ಪೆನ್ಷನ್‌ನ ತೊಂದರೆಗಳನ್ನು ಗುರುತಿಸುವುದು ಹೇಗೆ, ಸರಿಯಾಗಿ ರಿಪೇರಿ ಮಾಡಿಸುವುದು ಹೇಗೆ?

ಆಯುಧ ಪೂಜೆಯ ದಿನ ಕಾರುಗಳಿಗೆ ನಡೆಯುವ ಉಪಚಾರ ಕಡಿಮೆಯದಲ್ಲ. ಮುಂದೆ ಬಾಳೆಕಂದು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಗಾಜಿಗೆ ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಮಳೆಗಾಲದುದ್ದಕ್ಕೂ ಮೆತ್ತಿಕೊಂಡ ಕೆಸರೆಲ್ಲ ಅವತ್ತು ತೊಳೆದುಹೋಗುತ್ತದೆ. ಆದರೆ ಆ ಮಳೆಗಾಲದಲ್ಲಿ ಒಂದೊಂದು ಗುಂಡಿಯ ಪೆಟ್ಟನ್ನೂ ತಾವೇ ತಿಂದು, ಒಳಗೆ ಕೂತವರ ಬೆನ್ನು ಕಾಯ್ದ ಭಾಗಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅವು ಇರುವುದು ಚಕ್ರದ ಹಿಂದೆ, ಫೆಂಡರ್‌ನ ಕತ್ತಲಲ್ಲಿ. ಸಸ್ಪೆನ್ಷನ್ ನಮ್ಮ ನೆನಪಿಗೆ ಬರುವುದು ಅದು ಸದ್ದು ಮಾಡಲು ಶುರು ಮಾಡಿದ ಮೇಲೆ.

ಆಗಲೂ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಬಹುಪಾಲು ಹೀಗಿರುತ್ತದೆ. ‘ಮುಂದ್ಗಡೆಯಿಂದ ಏನೋ ಸೌಂಡ್ ಬರ್ತಿದೆ, ನೋಡಪ್ಪ’ ಎನ್ನುತ್ತಾರೆ ಮಾಲೀಕರು. ‘ಸಸ್ಪೆನ್ಷನ್ ಹೋಗಿದೆ ಸಾರ್, ಕಂಪ್ಲೀಟ್ ಮಾಡಿಸ್ಬಿಡಿ’ ಎನ್ನುತ್ತಾರೆ ಮೆಕ್ಯಾನಿಕ್. ಸಸ್ಪೆನ್ಷನ್ ಎಂಬುದು ಒಂದು ಬಿಡಿಭಾಗದ ಹೆಸರಲ್ಲ. ಸಾಮಾನ್ಯ ಕಾರಿನ ಮುಂದಿನ ಒಂದೊಂದು ಚಕ್ರದ ಹಿಂದೆಯೂ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಅದರ ನೆತ್ತಿಯಲ್ಲೊಂದು ರಬ್ಬರ್ ಮೌಂಟ್ ಮತ್ತು ಬೇರಿಂಗ್, ಲೋಯರ್ ಆರ್ಮ್, ಆ ಆರ್ಮ್‌ನ ಬುಷ್‌ಗಳು, ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಬಾರಿಗೆ ಜೋಡಿಸಿದ ಲಿಂಕ್ ರಾಡ್ ಇರುತ್ತವೆ. ಇಷ್ಟರಲ್ಲಿ ಸವೆದಿರುವುದು ಕೆಲವು ನೂರು ರೂಪಾಯಿ ಬೆಲೆಯ ಲಿಂಕ್ ರಾಡ್ ಒಂದೇ ಆಗಿರಬಹುದು. ಅಥವಾ ಮುಂದಿನ ತಿರುವಿನಲ್ಲೇ ಕಳಚಿ ಬೀಳಲು ಸಿದ್ಧವಾದ ಬಾಲ್ ಜಾಯಿಂಟ್ ಆಗಿರಬಹುದು. ಎರಡರ ಸದ್ದೂ ಕಿವಿಗೆ ‘ಟಕ್’ ಎಂದೇ ಕೇಳಿಸುತ್ತದೆ.

ಹಾಗಾಗಿ ಯಾವ ಭಾಗ ಕೆಟ್ಟಿದೆ ಎಂಬುದು ಕಣ್ಣಿಗೆ ಕಂಡು, ಕೈಗೆ ಸಿಕ್ಕು ಖಚಿತವಾಗುವ ತನಕ ಏನನ್ನೂ ಬದಲಿಸಬಾರದು. ಖಚಿತವಾದ ಮೇಲೆ ತಡವನ್ನೂ ಮಾಡಬಾರದು. ಸಸ್ಪೆನ್ಷನ್ ರಿಪೇರಿಯಲ್ಲಿ ಹಣ ಪೋಲಾಗುವುದು ಮೊದಲನೆಯದನ್ನು ಮರೆತಾಗ, ಜೀವಕ್ಕೆ ಕುತ್ತು ಬರುವುದು ಎರಡನೆಯದನ್ನು ಮರೆತಾಗ.

ಹಿತಕ್ಕಿಂತ ಮೊದಲು ಹಿಡಿತ

ಸಸ್ಪೆನ್ಷನ್ ಇರುವುದು ಪ್ರಯಾಣ ಹಿತವಾಗಿರಲೆಂದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಕಾರು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕ, ಒಂದೊಂದು ಟೈರೂ ಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ಬ್ರೇಕ್ ಹಿಡಿಯುವುದು, ಸ್ಟೀರಿಂಗ್ ತಿರುಗುವುದು ಎಲ್ಲವೂ ಆ ನಾಲ್ಕು ಅಂಗೈಗಳ ಬಲದಿಂದ. ಉಬ್ಬು ತಗ್ಗಿನ ರಸ್ತೆಯಲ್ಲಿ ಅವು ನೆಲ ಬಿಡದಂತೆ ಒತ್ತಿ ಹಿಡಿಯುವುದೇ ಸಸ್ಪೆನ್ಷನ್‌ನ ಮೊದಲ ಕೆಲಸ. ಟೈರು ಗಾಳಿಯಲ್ಲಿರುವಾಗ ಎಷ್ಟೇ ಒಳ್ಳೆಯ ಬ್ರೇಕ್ ಇದ್ದರೂ ಪ್ರಯೋಜನವಿಲ್ಲ. ಎಬಿಎಸ್ ಇದ್ದರೂ ಇಲ್ಲ.

ಈ ಕೆಲಸವನ್ನು ಮೂರು ಬಗೆಯ ಭಾಗಗಳು ಹಂಚಿಕೊಂಡಿವೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ನುಂಗಿದ್ದನ್ನು ಅದು ಹಾಗೆಯೇ ಇಟ್ಟುಕೊಳ್ಳದೆ ತಿರುಗಿ ಎಸೆಯುತ್ತದೆ. ಬರೀ ಸ್ಪ್ರಿಂಗ್ ಮೇಲೆ ನಿಂತ ಕಾರು ಒಂದು ಹಂಪ್ ಹಾರಿದರೆ ಸೆಕೆಂಡಿಗೆ ಒಂದು, ಒಂದೂವರೆ ಬಾರಿಯಂತೆ ಬಹಳ ಹೊತ್ತು ತೂಗುತ್ತಲೇ ಇರುತ್ತದೆ. ಚಕ್ರವಂತೂ ಸೆಕೆಂಡಿಗೆ ಹತ್ತು ಹದಿನೈದು ಬಾರಿ ನೆಲದ ಮೇಲೆ ಪುಟಿಯುತ್ತದೆ. ಈ ತೂಗಾಟ, ಪುಟಿದಾಟ ಎರಡನ್ನೂ ತಡೆಯುವುದು ಶಾಕ್ ಅಬ್ಸಾರ್ಬರ್, ಗ್ಯಾರೇಜಿನವರ ಬಾಯಲ್ಲಿ ‘ಶಾಕಪ್’. ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಸಣ್ಣ ರಂಧ್ರ ಮತ್ತು ವಾಲ್ವ್‌ಗಳಿರುವ ಪಿಸ್ಟನ್. ಚಕ್ರ ಏರಿಳಿದಾಗ ಎಣ್ಣೆ ಆ ಕಿಂಡಿಗಳಲ್ಲಿ ನುಸುಳಬೇಕು. ಹಾಗೆ ನುಸುಳುವ ಶ್ರಮದಲ್ಲಿ ಚಲನೆಯ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಮೂರನೆಯದು ಲೋಯರ್ ಆರ್ಮ್, ಬುಷ್, ಬಾಲ್ ಜಾಯಿಂಟ್‌ಗಳ ಬಳಗ. ಚಕ್ರ ಮೇಲೆ ಕೆಳಗೆ ಹೋಗಲು ಬಿಟ್ಟು, ಹಿಂದೆ ಮುಂದೆ ಓಲಾಡದಂತೆ ತಡೆಯುವುದು ಅವುಗಳ ಕೆಲಸ.

ಈ ಏರ್ಪಾಡು ಒಮ್ಮೆಲೇ ಬಂದದ್ದಲ್ಲ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಜಟಕಾ ಗಾಡಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಬಂತು. ಅದೇ ಬಗೆಯ ಲೀಫ್ ಸ್ಪ್ರಿಂಗ್ ಅಂಬಾಸಡರ್ ಕಾರಿನ ಹಿಂದಿನ ಆಕ್ಸಲನ್ನು ಹೊತ್ತಿತು. ಅದರ ಮುಂದಿನ ಚಕ್ರಗಳಿಗೆ ತಿರುಚಿಕೊಳ್ಳುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್ ಇತ್ತು. 1983ರಲ್ಲಿ ಮಾರುತಿ 800 ಬಂದಾಗ ಅದರ ಮುಂದಿನ ಚಕ್ರಗಳಿಗಿದ್ದುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಅಬ್ಸಾರ್ಬರ್ ಮತ್ತು ಕಾಯಿಲ್ ಸ್ಪ್ರಿಂಗನ್ನು ಒಂದೇ ಕಂಬವಾಗಿಸಿದ ಈ ರಚನೆಯನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್, 1940ರ ದಶಕದಲ್ಲಿ. ಜಾಗ ಕಡಿಮೆ ಸಾಕು, ಭಾಗಗಳೂ ಕಡಿಮೆ. ಇವತ್ತು ನಮ್ಮ ರಸ್ತೆಯ ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಬಹುಪಾಲು ಈ ಸ್ಟ್ರಟ್ ಮೇಲೆಯೇ ನಿಂತಿವೆ. ಹಾಗಾಗಿ ಅವುಗಳ ರೋಗಗಳೂ ಹೆಚ್ಚುಕಮ್ಮಿ ಒಂದೇ ಬಗೆಯವು.

ಸದ್ದು ಯಾವಾಗ ಬರುತ್ತದೆ?

ಸದ್ದು ಎಂಥದು ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದು ಮುಖ್ಯ. ಎಷ್ಟು ವೇಗದಲ್ಲಿ, ಎಂಥ ರಸ್ತೆಯಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಯಾವ ಕಡೆಗೆ ತಿರುಗಿದಾಗ – ಇಷ್ಟನ್ನು ಗಮನಿಸಿಕೊಂಡು ಹೋದವರು ಗ್ಯಾರೇಜಿನಲ್ಲಿ ಅರ್ಧ ಕೆಲಸ ಮುಗಿಸಿದಂತೆಯೇ.

ಕಲ್ಲು ಎದ್ದ ರಸ್ತೆಯಲ್ಲಿ, ಇಪ್ಪತ್ತು ಮೂವತ್ತು ಕಿ.ಮೀ. ವೇಗದಲ್ಲಿ ‘ಟಕ ಟಕ’ ಎಂದು ಸಣ್ಣಗೆ ಬಡಿದುಕೊಳ್ಳುವ ಸದ್ದಿಗೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಅದನ್ನು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯೊಂದಿದೆ. ಲಿಂಕ್ ರಾಡ್ ಕೆಲಸ ಮಾಡುವುದು ಎಡ ಬಲ ಚಕ್ರಗಳು ಬೇರೆ ಬೇರೆ ಎತ್ತರದಲ್ಲಿದ್ದಾಗ ಮಾತ್ರ. ಆಗಲೇ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದು. ಆದ್ದರಿಂದ ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ ನೇರವಾಗಿ ನಿಧಾನಕ್ಕೆ ದಾಟಿ ನೋಡಬೇಕು. ಆಮೇಲೆ ಒಂದೇ ಕಡೆಯ ಚಕ್ರ ತಗ್ಗಿಗೆ ಇಳಿಯುವಂತೆ ಹೋಗಿ ನೋಡಬೇಕು. ಮೊದಲನೆಯದರಲ್ಲಿ ಸುಮ್ಮನಿದ್ದು ಎರಡನೆಯದರಲ್ಲಿ ಬಡಿದರೆ ಲಿಂಕ್ ರಾಡ್ ಅಥವಾ ಆ ಬಾರನ್ನು ಹಿಡಿದಿರುವ ರಬ್ಬರ್ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು.

ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ ‘ಡಗ್’ ಎಂದು ದಪ್ಪ ಸದ್ದು ಬಂದರೆ ಲೋಯರ್ ಆರ್ಮ್‌ನ ಬುಷ್ ಕಡೆ ನೋಡಬೇಕು. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ. ಬುಷ್‌ನ ರಬ್ಬರ್ ಹರಿದಿದ್ದರೆ ಆರ್ಮ್ ತನ್ನ ಜಾಗದಲ್ಲಿ ಸರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಇದರ ಜೊತೆಗೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುವುದೂ ಉಂಟು.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಟಣ್’ ಎಂದು ಸ್ಪ್ರಿಂಗ್ ಜಿಗಿದ ಸದ್ದು ಬರುತ್ತಿದ್ದರೆ ಅದು ಸ್ಟ್ರಟ್ ನೆತ್ತಿಯ ಬೇರಿಂಗ್. ಚಕ್ರ ತಿರುಗಿದಾಗ ಸ್ಪ್ರಿಂಗ್ ಕೂಡ ಅದರೊಂದಿಗೆ ನುಣ್ಣಗೆ ತಿರುಗಬೇಕು. ತುಕ್ಕು ಧೂಳು ತುಂಬಿ ಬೇರಿಂಗ್ ಬಿಗಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಂಡು, ತಡೆಯಲಾರದೆ ಹಾರಿ ಬಿಡುತ್ತದೆ. ಅಂಥ ಕಾರಿನ ಸ್ಟೀರಿಂಗ್ ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದೂ ಕಷ್ಟವಾಗುತ್ತದೆ.

ಸಸ್ಪೆನ್ಷನ್ ಎಂದು ಮೋಸಗೊಳಿಸುವ ಸದ್ದುಗಳೂ ಇವೆ. ಒರಟು ರಸ್ತೆಯಲ್ಲಿ ಬಡಿಯುತ್ತಿರುವಾಗ ಬ್ರೇಕನ್ನು ಹಗುರವಾಗಿ ಒತ್ತಿ ನೋಡಿ. ಸದ್ದು ನಿಂತರೆ ತಪ್ಪು ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್‌ನದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಕಟ ಕಟ’ ಎಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್. ವೇಗ ಏರಿದಂತೆ ‘ಗುಂಯ್’ ಎಂದು ಏರುವ, ತಿರುವಿನಲ್ಲಿ ಹೆಚ್ಚು ಕಡಿಮೆಯಾಗುವ ಸದ್ದು ವೀಲ್ ಬೇರಿಂಗ್‌ನದು. ಗೇರ್ ಹಾಕಿ ಹೊರಡುವಾಗ ಒಂದೇ ಒಂದು ‘ಧಡ್’ ಆದರೆ ಎಂಜಿನ್ ಮೌಂಟ್ ನೋಡಬೇಕು. ಇನ್ನು ಹಿಂದಿನಿಂದ ಬರುವ ಸದ್ದಿಗೆ ಶಾಕಪ್ ಬಿಚ್ಚಿಸುವ ಮುನ್ನ ಡಿಕ್ಕಿಯಲ್ಲಿರುವುದನ್ನೆಲ್ಲ ಇಳಿಸಿ ಒಂದು ಸುತ್ತು ಹೋಗಿ ಬರುವುದು ಒಳ್ಳೆಯದು. ಸಡಿಲವಾಗಿ ಇಟ್ಟ ಜಾಕಿ, ಸರಿಯಾಗಿ ಬಿಗಿಯದ ಸ್ಟೆಪ್ನಿ ಎಷ್ಟೋ ಕಾರುಗಳ ‘ಸಸ್ಪೆನ್ಷನ್ ಸದ್ದಿ’ನ ಮೂಲ.

ಸದ್ದೇ ಮಾಡದ ಸವೆತ

ಸದ್ದು ಮಾಡುವ ರೋಗ ಒಂದು ರೀತಿಯಲ್ಲಿ ಒಳ್ಳೆಯದು, ನಮ್ಮನ್ನು ಎಚ್ಚರಿಸುತ್ತದೆ. ಶಾಕ್ ಅಬ್ಸಾರ್ಬರ್ ಹಾಗಲ್ಲ. ಅದು ದಿನಕ್ಕಿಷ್ಟು ಎಂಬಂತೆ ಬಲ ಕಳೆದುಕೊಳ್ಳುತ್ತದೆ, ಓಡಿಸುವವರು ಅದಕ್ಕೆ ತಕ್ಕಂತೆ ಒಗ್ಗಿಕೊಳ್ಳುತ್ತಾರೆ. ಹೆದ್ದಾರಿಯ ಸೇತುವೆಯ ಜೋಡಣೆ ದಾಟಿದ ಮೇಲೂ ಕಾರು ಎರಡು ಮೂರು ಬಾರಿ ತೇಲುವುದು, ಬ್ರೇಕ್ ಒತ್ತಿದಾಗ ಮೂತಿ ನೆಲಕ್ಕೆ ಬಗ್ಗುವುದು, ಗಾಳಿ ಬೀಸಿದಾಗ ಓಲಾಡುವುದು, ಘಾಟಿಯ ತಿರುವಿನಲ್ಲಿ ಗುಂಡಿ ಸಿಕ್ಕರೆ ಹಿಂದಿನ ಚಕ್ರ ಪಕ್ಕಕ್ಕೆ ಜಿಗಿಯುವುದು ಇವೆಲ್ಲ ಅದರ ಸೂಚನೆಗಳು. ಬೇರೆಯವರ ಹೊಸ ಕಾರಿನಲ್ಲಿ ಕೂತು ಬಂದ ದಿನವೇ ನಮ್ಮ ಕಾರಿನ ಸ್ಥಿತಿ ನಮಗೆ ತಿಳಿಯುವುದು.

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಒತ್ತಿ ನೋಡುವುದು. ಕಾರಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಟ್ಟರೆ ಅದು ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಲ್ಲಬೇಕು. ಮತ್ತೆ ಮತ್ತೆ ತೂಗಿದರೆ ಶಾಕಪ್ ಮುಗಿದಿದೆ ಎಂದರ್ಥ. ಆದರೆ ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ಕೈಯಿಂದ ಒತ್ತುವ ವೇಗ ಬಹಳ ನಿಧಾನ. ಗುಂಡಿಯಲ್ಲಿ ಪಿಸ್ಟನ್ ಚಲಿಸುವ ವೇಗ ಅದರ ಹತ್ತಾರು ಪಟ್ಟು. ಆ ವೇಗದಲ್ಲಿ ಸೋಲುವ ವಾಲ್ವ್ ನಮ್ಮ ಕೈಗೆ ಗಟ್ಟಿಯಾಗಿಯೇ ಕಾಣಬಹುದು.

ಕಣ್ಣಿಗೆ ಕಾಣುವ ಸಾಕ್ಷಿ ಎಣ್ಣೆ. ಶಾಕಪ್‌ನ ಮೇಲ್ಭಾಗದಲ್ಲಿ ಧೂಳು ಹಿಡಿದ ತೆಳುವಾದ ಜಿಡ್ಡು ಇದ್ದರೆ ಗಾಬರಿ ಬೇಡ, ಸೀಲಿಗೆ ಎಣ್ಣೆಯ ತೇವ ಬೇಕೇ ಬೇಕು. ಮೈಯುದ್ದಕ್ಕೂ ಎಣ್ಣೆ ಇಳಿದು ಕೆಳಗೆ ತೊಟ್ಟಿಕ್ಕುತ್ತಿದ್ದರೆ ಅದು ಸೋರಿಕೆ. ಬಹಳ ಸಲ ಈ ಸೋರಿಕೆಯ ಮೂಲ ಹರಿದುಹೋದ ರಬ್ಬರಿನ ಡಸ್ಟ್ ಕವರ್. ಅದು ಹರಿದರೆ ಹೊಳೆಯುವ ಪಿಸ್ಟನ್ ರಾಡ್ ಮೇಲೆ ಮಣ್ಣು ಮರಳು ಕೂರುತ್ತವೆ. ಆ ರಾಡ್ ಒಳಗೆ ಹೋಗಿ ಹೊರಬರುವಾಗಲೆಲ್ಲ ಮರಳಿನ ಕಣ ಸೀಲನ್ನು ಕೊಯ್ಯುತ್ತದೆ.

ಹಳೆಯ ಮೆಕ್ಯಾನಿಕ್‌ಗಳು ಬಳಸುವ ಇನ್ನೊಂದು ಉಪಾಯವೂ ಇದೆ. ಒರಟು ರಸ್ತೆಯಲ್ಲಿ ಹತ್ತಿಪ್ಪತ್ತು ನಿಮಿಷ ಓಡಿಸಿ ಬಂದು, ಬಿಸಿಯಾದ ಬ್ರೇಕ್ ಡಿಸ್ಕಿಗೆ ಕೈ ತಾಗದಂತೆ ಎಚ್ಚರ ವಹಿಸಿ, ಒಂದೇ ಆಕ್ಸಲಿನ ಎಡ ಬಲ ಶಾಕಪ್‌ಗಳ ಮೈ ಮುಟ್ಟಿ ನೋಡುತ್ತಾರೆ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಮಾಡದ್ದು ತಣ್ಣಗಿರುತ್ತದೆ. ಚಲನೆ ಶಾಖವಾಗುವುದೇ ಅದರ ಕೆಲಸವಾದ್ದರಿಂದ ಈ ಪರೀಕ್ಷೆಯ ಹಿಂದೆ ಗಟ್ಟಿಯಾದ ತರ್ಕವಿದೆ.

ಸ್ಪ್ರಿಂಗ್ ಕುಸಿದಿದೆಯೇ ತಿಳಿಯಲು ಟೇಪು ಸಾಕು. ಸಮತಟ್ಟಾದ ನೆಲದಲ್ಲಿ ಖಾಲಿ ಕಾರನ್ನು ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಬೇಕು. ಎಡ ಬಲಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಸೊರಗಿದೆ ಅಥವಾ ಮುರಿದಿದೆ. ಕಾಯಿಲ್ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೆಳಗಿನ ಸುತ್ತಿನಲ್ಲಿ. ಕೆಸರು ನೀರು ನಿಂತು ತುಕ್ಕು ಹಿಡಿಯುವ ಜಾಗ ಅದು. ಮುರಿದ ತುಂಡು ಸ್ಪ್ರಿಂಗ್ ಕೂರುವ ಬಟ್ಟಲಲ್ಲೇ ಕೂತಿರುವುದರಿಂದ ಬಗ್ಗಿ ನೋಡದೆ ಗೊತ್ತಾಗುವುದಿಲ್ಲ. ಅದರ ಚೂಪಾದ ತುದಿ ಟೈರಿಗೆ ತಾಗಿದರೆ ಅಪಾಯ.

ಟೈರ್ ಕೊಡುವ ಸಾಕ್ಷಿ

ಸಸ್ಪೆನ್ಷನ್‌ನ ಆರೋಗ್ಯವನ್ನು ತಿಂಗಳುಗಟ್ಟಲೆ ದಾಖಲಿಸಿಕೊಳ್ಳುವುದು ಟೈರು. ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಚಕ್ರದ ವಾಲಿಕೆ, ಅಂದರೆ ಕ್ಯಾಂಬರ್, ತಪ್ಪಿರಬಹುದು. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲು ತಾಗಿದರೆ ಟೋ, ಅಂದರೆ ಚಕ್ರ ಮುಖಮಾಡಿದ ದಿಕ್ಕು, ತಪ್ಪಿದೆ. ಚಕ್ರ ಉರುಳುವುದರ ಜೊತೆಗೆ ಅಡ್ಡಲಾಗಿ ಉಜ್ಜಿಕೊಂಡೂ ಹೋಗುತ್ತಿದೆ. ಸುತ್ತಳತೆಯುದ್ದಕ್ಕೂ ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳಾಗಿದ್ದರೆ ಟೈರು ನೆಲದ ಮೇಲೆ ಪುಟಿಯುತ್ತಿದೆ, ಶಾಕಪ್ ಸೋತಿದೆ. ನಡುವೆ ಮಾತ್ರ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಈ ಕೊನೆಯ ಎರಡಕ್ಕೆ ಸಸ್ಪೆನ್ಷನ್ ಕಾರಣವಲ್ಲ.

ಟೈರ್ ಅಂಗಡಿಯಲ್ಲಿ ಇವೆಲ್ಲಕ್ಕೂ ಒಂದೇ ಮದ್ದು ಸಿಗುತ್ತದೆ: ‘ಅಲೈನ್‌ಮೆಂಟ್ ಮಾಡಿಸಿ.’ ಬುಷ್ ಹರಿದ, ಬಾಲ್ ಜಾಯಿಂಟ್ ಸಡಿಲವಾದ ಕಾರಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಂತ್ರದ ಮೇಲೆ ನಿಂತಿದ್ದಾಗ ಅಂಕಿಗಳೆಲ್ಲ ಹಸಿರು ತೋರಿಸುತ್ತವೆ, ಹೊರಗೆ ಬಂದು ಮೊದಲ ಗುಂಡಿ ಹಾರಿದಾಗ ಚಕ್ರ ಮತ್ತೆ ತನ್ನ ಹಳೆಯ ವಾಲಿಕೆಗೆ ಹೋಗುತ್ತದೆ. ಮೊದಲು ಸಡಿಲ ಭಾಗ, ಆಮೇಲೆ ಅಲೈನ್‌ಮೆಂಟ್. ಇನ್ನೊಂದು ವಿಷಯ. ಎಷ್ಟೋ ಕಾರುಗಳ ಮುಂದಿನ ಚಕ್ರಗಳಲ್ಲಿ ಹೊಂದಿಸಲು ಅವಕಾಶವಿರುವುದು ಟೋ ಒಂದನ್ನೇ. ಮುದ್ರಿತ ವರದಿ ಕೇಳಿ ಪಡೆಯಬೇಕು. ಅದರಲ್ಲಿ ಒಂದು ಕಡೆಯ ಕ್ಯಾಂಬರ್ ಮಾತ್ರ ಕೆಂಪಾಗಿದ್ದರೆ ಗುಂಡಿಗೆ ಬಿದ್ದ ಪೆಟ್ಟಿಗೆ ಲೋಯರ್ ಆರ್ಮ್, ಸ್ಟ್ರಟ್ ಅಥವಾ ಚಕ್ರವನ್ನು ಹಿಡಿದಿರುವ ನಕಲ್ ಬಾಗಿರಬಹುದು.

ಬೆರಳಿಗೆ ಸಿಕ್ಕ ಆಟ

ಅನುಮಾನ ಎಷ್ಟೇ ಬಲವಾಗಿದ್ದರೂ ತೀರ್ಪು ಕೊಡಬೇಕಾದದ್ದು ಚಕ್ರ ನೆಲ ಬಿಟ್ಟಾಗ. ಕಾರನ್ನು ಲಿಫ್ಟ್ ಮೇಲೆ ಏರಿಸಬೇಕು, ಇಲ್ಲವೇ ಜಾಕಿ ಕೊಟ್ಟು ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ಕೈಯನ್ನೂ ಹಾಕಬಾರದು. ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ ಅಲುಗಾಟ, ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಆಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಜಾಯಿಂಟ್. ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದಾಗ ಆಟ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್‌ನ ರ‍್ಯಾಕ್ ಎಂಡ್.

ಹಾಸನದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಇದನ್ನು ಹೇಳಿಕೊಡುತ್ತಿದ್ದುದನ್ನು ಹತ್ತಿರ ನಿಂತು ನೋಡಿದ್ದೇನೆ. ಕಾರು ಲಿಫ್ಟ್ ಮೇಲಿತ್ತು. ಹುಡುಗ ಟಾರ್ಚ್ ಬಿಟ್ಟು ಜಾಯಿಂಟನ್ನೇ ದಿಟ್ಟಿಸುತ್ತಿದ್ದ, ಅವರು ಚಕ್ರ ಅಲ್ಲಾಡಿಸುತ್ತಿದ್ದರು. ‘ಏನೂ ಕಾಣ್ತಿಲ್ಲಣ್ಣ’ ಎಂದ. ‘ಕಣ್ಣಲ್ಲಿ ನೋಡ್ಬೇಡ ಕಣೋ. ಬೆರಳು ಇಡು, ಅರ್ಧ ಜಾಯಿಂಟ್ ಮೇಲೆ, ಅರ್ಧ ನಕಲ್ ಮೇಲೆ’ ಎಂದರು. ಹುಡುಗ ಗ್ರೀಸ್ ಒರೆಸಿ ಬೆರಳಿಟ್ಟ. ಅವರು ಮತ್ತೊಮ್ಮೆ ಚಕ್ರ ಎಳೆದರು. ‘ಸಿಕ್ತಣ್ಣ, ಲಟಕ್ ಅಂತಿದೆ!’ ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಸರಿದಾಟವನ್ನು ಬೆರಳ ತುದಿ ಹಿಡಿದಿತ್ತು. ಆಮೇಲೆ ಅವರು ಉದ್ದನೆಯ ಲಿವರ್ ರಾಡನ್ನು ಲೋಯರ್ ಆರ್ಮ್ ಮತ್ತು ಫ್ರೇಮಿನ ನಡುವೆ ಕೊಟ್ಟು ಮೀಟಿದರು. ಒಳ್ಳೆಯ ಬುಷ್ ಸ್ವಲ್ಪ ಬಾಗಿ ಹಿಂದಕ್ಕೆ ಬರುತ್ತದೆ. ಹರಿದದ್ದು ಬಾಯಿ ಬಿಟ್ಟು ಒಳಗಿನ ಸೀಳು ತೋರಿಸುತ್ತದೆ. ಆ ಕಾರಿನ ಬುಷ್ ಚೆನ್ನಾಗಿತ್ತು. ಮಾಲೀಕರನ್ನು ಕರೆದು ಜಾಯಿಂಟಿನ ಆಟವನ್ನು ಅವರ ಬೆರಳಿಗೂ ಮುಟ್ಟಿಸಿ, ಬದಲಾಯಿಸಬೇಕಾದದ್ದು ಅದೊಂದೇ ಎಂದರು.

ನಾವು ಗ್ಯಾರೇಜಿನಲ್ಲಿ ಕೇಳಬೇಕಾದದ್ದೂ ಇದನ್ನೇ: ‘ಎಲ್ಲಿ ಆಟ ಇದೆ, ತೋರಿಸಿ.’ ತಿಳಿದ ಮೆಕ್ಯಾನಿಕ್ ಈ ಮಾತಿಗೆ ಬೇಸರಿಸಿಕೊಳ್ಳುವುದಿಲ್ಲ.

ರಿಪೇರಿ ಎಂದರೆ ಬರೀ ಬಿಚ್ಚಿ ಹಾಕುವುದಲ್ಲ

ಹೊಸ ಭಾಗ ಹಾಕಿದ ಆರೇ ತಿಂಗಳಿಗೆ ಸದ್ದು ಮರಳಿ ಬಂದರೆ ನಾವು ಬಿಡಿಭಾಗವನ್ನು ಬೈಯುತ್ತೇವೆ. ಎಷ್ಟೋ ಸಲ ತಪ್ಪು ಜೋಡಿಸಿದ ರೀತಿಯಲ್ಲಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಲೋಯರ್ ಆರ್ಮ್ ಬುಷ್. ಅದರ ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಕವಚಕ್ಕೂ ನಡುವೆ ರಬ್ಬರ್ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿದೆಯೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಿತಿ. ಕಾರು ಲಿಫ್ಟ್ ಮೇಲಿದ್ದಾಗ ಚಕ್ರ ಜೋತುಬಿದ್ದಿರುತ್ತದೆ. ಹಾಗಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದು ಕಾರನ್ನು ಕೆಳಗಿಳಿಸಿದರೆ, ರಬ್ಬರ್ ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡುವುದು ಸರಿಯಾದ ಕ್ರಮ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಅದನ್ನು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಭಾಗವನ್ನು ಕಳೆದುಕೊಳ್ಳುವುದು ದಿನವೂ ನಡೆಯುತ್ತಿದೆ.

ಶಾಕ್ ಅಬ್ಸಾರ್ಬರನ್ನು ಯಾವತ್ತೂ ಜೋಡಿಯಾಗಿ ಬದಲಿಸಬೇಕು. ಮುಂದಿನವೆರಡು ಅಥವಾ ಹಿಂದಿನವೆರಡು. ಒಂದು ಕಡೆ ಹೊಸದು, ಇನ್ನೊಂದು ಕಡೆ ಸೋತದ್ದು ಇದ್ದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಕಾರು ಓರೆಯಾಗುತ್ತದೆ. ಸ್ಪ್ರಿಂಗಿಗೂ ಇದೇ ನಿಯಮ. ಲಿಂಕ್ ರಾಡ್, ಬಾಲ್ ಜಾಯಿಂಟ್‌ಗಳನ್ನು ಒಂದೊಂದಾಗಿ ಬದಲಿಸಿದರೂ ನಡೆಯುತ್ತದೆ, ಇನ್ನೊಂದು ಕಡೆಯದನ್ನು ಪರೀಕ್ಷಿಸಿದ್ದರೆ. ಸ್ಟ್ರಟ್ ಬಿಚ್ಚಿದ ಮೇಲೆ ಅದರ ಬಂಪ್ ಸ್ಟಾಪರ್, ಡಸ್ಟ್ ಕವರ್, ನೆತ್ತಿಯ ಮೌಂಟ್ ಮತ್ತು ಬೇರಿಂಗನ್ನು ನೋಡದೆ ಮುಚ್ಚಬಾರದು. ಅವುಗಳ ಬೆಲೆ ಕಡಿಮೆ, ಅವುಗಳಿಗಾಗಿ ಮತ್ತೆ ಬಿಚ್ಚಿಸುವ ಕೂಲಿ ಹೆಚ್ಚು. ಒಮ್ಮೆ ಬಿಚ್ಚಿದ ಸೆಲ್ಫ್ ಲಾಕಿಂಗ್ ನಟ್ಟುಗಳನ್ನು ಮತ್ತೆ ಬಳಸದೆ ಹೊಸದು ಹಾಕಿಸಬೇಕು. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಮನೆಯಲ್ಲೇ ಸ್ಪ್ಯಾನರ್ ಹಿಡಿಯುವ ಹವ್ಯಾಸ ಇರುವವರಿಗೆ ಒಂದು ಮಾತು. ಲಿಂಕ್ ರಾಡ್ ಬದಲಿಸುವುದು, ಡಸ್ಟ್ ಕವರ್ ನೋಡುವುದು, ಎತ್ತರ ಅಳೆಯುವುದು ಧಾರಾಳವಾಗಿ ಮಾಡಬಹುದು. ಸ್ಟ್ರಟ್‌ನ ನೆತ್ತಿಯ ನಡುವಿನ ನಟ್ಟನ್ನು ಮಾತ್ರ ಮುಟ್ಟಬಾರದು. ಅದರಡಿ ಅದುಮಿಟ್ಟ ಸ್ಪ್ರಿಂಗಿನಲ್ಲಿ ಕ್ವಿಂಟಲ್‌ಗಟ್ಟಲೆ ಬಲ ಕೂತಿರುತ್ತದೆ. ಸರಿಯಾದ ಕಂಪ್ರೆಸರ್‌ನಿಂದ ಸ್ಪ್ರಿಂಗನ್ನು ಅದುಮಿ ಹಿಡಿಯದೆ ಆ ನಟ್ಟು ಬಿಚ್ಚಿದರೆ ಅದು ಸಿಡಿದು ಪ್ರಾಣಕ್ಕೇ ಎರವಾಗಬಹುದು.

ಬಿಡಿಭಾಗ ಕೊಳ್ಳುವಾಗಲೂ ಎಚ್ಚರ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಒಂದೇ ಭಾಗ ಹಲವು ದರದಲ್ಲಿ ಸಿಗುತ್ತದೆ. ಕಾರು ಕಂಪನಿಯ ಹೆಸರಿನದು, ಕಂಪನಿಗೆ ಪೂರೈಸುವವರೇ ತಮ್ಮ ಹೆಸರಿನಲ್ಲಿ ಮಾರುವುದು, ಇವೆರಡನ್ನೂ ಹೋಲುವ ನಕಲಿ ಮೂರೂ ಒಂದೇ ಗಾಜಿನ ಕಪಾಟಿನಲ್ಲಿರಬಹುದು. ಕಾರಿನ ಮಾದರಿ, ವರ್ಷ, ಬಿಡಿಭಾಗದ ಸಂಖ್ಯೆ ಹೊಂದಿಸಿ ನೋಡಿ, ಬಿಲ್ ಪಡೆದೇ ಕೊಳ್ಳಬೇಕು. ಹಳೆಯ ಶಾಕಪ್‌ಗೆ ತೂತು ಕೊರೆದು ಎಣ್ಣೆ ತುಂಬಿ, ಬಣ್ಣ ಬಳಿದು ‘ರೀಕಂಡೀಷನ್’ ಎಂದು ಕೊಡುವವರಿದ್ದಾರೆ. ಒಳಗಿನ ಸವೆದ ವಾಲ್ವ್ ಮತ್ತು ಸೀಲು ಹಾಗೆಯೇ ಉಳಿದಿರುವುದರಿಂದ ಅದರಿಂದ ಉಪಯೋಗವಿಲ್ಲ. ಹಂಪ್‌ಗೆ ತಳ ತಾಗುತ್ತದೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುರುಕಿಸುವುದೂ ಅಂಥದ್ದೇ. ಕಾರು ಎತ್ತರವಾಗುತ್ತದೆ ನಿಜ. ಆದರೆ ಕೆಲಸ ಮಾಡಬೇಕಾದ ಸುತ್ತುಗಳು ಕಟ್ಟಿಹೋಗಿ ಸ್ಪ್ರಿಂಗ್ ಗಡುಸಾಗುತ್ತದೆ, ಅದರ ಜಿಗಿತ ತಡೆಯುವ ಹೊರೆ ಶಾಕಪ್ ಮೇಲೆ ಬೀಳುತ್ತದೆ.

ರಸ್ತೆಯ ಪಾಲು, ನಮ್ಮ ಪಾಲು

ಒಂದು ಶಾಕಪ್ ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದು ಅದು ಓಡುವ ನೆಲದಿಂದಾಗಿ. ಕಾರವಾರ, ಉಡುಪಿ, ಮಂಗಳೂರಿನ ಕಾರುಗಳಿಗೆ ಉಪ್ಪುಗಾಳಿ ಮತ್ತು ಸುದೀರ್ಘ ಮಳೆಯ ತುಕ್ಕು. ಮಲೆನಾಡಿನ ತೋಟದ ದಾರಿಗಳಲ್ಲಿ ಒಂದು ಕಡೆಯ ಚಕ್ರ ಸದಾ ಕೊರಕಲಲ್ಲಿ. ಬಯಲುಸೀಮೆಯ ಎರೆಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಲ್ಲಿ ಶಾಕಪ್‌ಗೆ ಬಿಡುವೇ ಇಲ್ಲ. ಬಳ್ಳಾರಿ, ಸಂಡೂರು ಕಡೆ ಅದಿರು ಲಾರಿಗಳು ತುಳಿದ ರಸ್ತೆಯಲ್ಲಿ ಕೆಂಪು ಧೂಳು ಸೀಲುಗಳಿಗೆ ಶತ್ರು. ಆದ್ದರಿಂದ ಕಿಲೋಮೀಟರ್ ಲೆಕ್ಕ ಹಿಡಿದು ಕಾಯುವ ಬದಲು, ಟೈರ್ ಅದಲು ಬದಲು ಮಾಡಿಸುವ ಪ್ರತಿ ಸಲವೂ, ಮಳೆಗಾಲ ಮುಗಿದ ಮೇಲೆ ತಪ್ಪದೆ ಒಮ್ಮೆ ತಳ ನೋಡಿಸುವುದು ಜಾಣತನ.

ಓಡಿಸುವ ರೀತಿಯಲ್ಲೂ ಉಳಿತಾಯವಿದೆ. ಗುಂಡಿ ಕಂಡಾಗ ಅದರ ಅಂಚಿನವರೆಗೂ ಬ್ರೇಕ್ ಒತ್ತಿಕೊಂಡೇ ಹೋಗುವುದು ನಮ್ಮೆಲ್ಲರ ಅಭ್ಯಾಸ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬಂದು ಮುಂದಿನ ಸ್ಪ್ರಿಂಗ್ ಆಗಲೇ ಅದುಮಿಹೋಗಿರುತ್ತದೆ. ಪೆಟ್ಟು ತಡೆಯಲು ಅದಕ್ಕೆ ಜಾಗ ಉಳಿದಿರುವುದಿಲ್ಲ. ಮುಂಚೆಯೇ ವೇಗ ಇಳಿಸಿ, ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟರೆ ಪೆಟ್ಟಿನ ಬಲ ಎಷ್ಟೋ ಕಡಿಮೆಯಾಗುತ್ತದೆ. ಹಂಪ್ ತಪ್ಪಿಸಲು ಒಂದು ಕಡೆಯ ಚಕ್ರವನ್ನು ಚರಂಡಿ ಬದಿಗೆ ಇಳಿಸುವುದಕ್ಕಿಂತ ನೇರವಾಗಿ ನಿಧಾನಕ್ಕೆ ಹತ್ತುವುದೇ ಮೇಲು.

ಆದರೆ ಹೊಣೆಯೆಲ್ಲ ಓಡಿಸುವವರದ್ದೇ ಅಲ್ಲ. ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಮಾರ್ಗಸೂಚಿ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟಬಹುದಾದ ಉಬ್ಬು ಅದು. ಮೂರೂವರೆ ಮೀಟರ್‌ಗೂ ಮಿಕ್ಕಿದ ಅಗಲ ಎಂದರೆ ಸಣ್ಣ ಕಾರೊಂದರ ಉದ್ದ. ನಮ್ಮ ಬಡಾವಣೆಗಳಲ್ಲಿ, ಊರ ಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳು ಒಂದು ಮಾರೂ ಅಗಲವಿಲ್ಲದ ಕಾಂಕ್ರೀಟ್ ದಿಣ್ಣೆಗಳು. ಬಣ್ಣವಿಲ್ಲ, ಫಲಕವಿಲ್ಲ. ಅವು ವೇಗವನ್ನು ತಗ್ಗಿಸುವುದಕ್ಕಿಂತ ಹೆಚ್ಚಾಗಿ ದ್ವಿಚಕ್ರ ಸವಾರರನ್ನು ಬೀಳಿಸುತ್ತವೆ, ಆಂಬುಲೆನ್ಸ್‌ನಲ್ಲಿ ಮಲಗಿದವರ ನೋವು ಹೆಚ್ಚಿಸುತ್ತವೆ. ಈ ಅಳತೆಗಳನ್ನು ಕೈಯಲ್ಲಿ ಹಿಡಿದು ಪಂಚಾಯಿತಿ, ಪಾಲಿಕೆಗೆ ಅರ್ಜಿ ಕೊಡುವುದು ನಾಗರಿಕರ ಹಕ್ಕು.

ರಸ್ತೆ ಸರಿಯಾಗುವವರೆಗೆ ನಮ್ಮ ಪಾಲಿನ ಕೆಲಸವಂತೂ ನಮ್ಮ ಕೈಯಲ್ಲೇ ಇದೆ. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್‌ನಲ್ಲಿ ಆಟ ಕಂಡರೆ, ಸ್ಪ್ರಿಂಗ್ ಮುರಿದಿದ್ದರೆ, ಪೆಟ್ಟು ತಿಂದ ಚಕ್ರ ವಾಲಿದಂತಿದ್ದರೆ ಆ ಕಾರು ಗ್ಯಾರೇಜಿನಿಂದ ಹಾಗೆಯೇ ಹೊರಗೆ ಬರಬಾರದು, ಮನೆ ಎರಡೇ ಕಿಲೋಮೀಟರ್ ದೂರದಲ್ಲಿದ್ದರೂ. ದಾರಿಯಲ್ಲಿ ಕಳಚಿಕೊಂಡ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಸೋರುವ ಶಾಕಪ್, ಹರಿಯುತ್ತಿರುವ ಬುಷ್ ಇದ್ದರೆ ವೇಗ ತಗ್ಗಿಸಿ ಓಡಿಸಿ, ಮುಂದಿನ ದೂರ ಪ್ರಯಾಣಕ್ಕೆ ಮುನ್ನ ಸರಿ ಮಾಡಿಸಬೇಕು. ಬರೀ ಲಿಂಕ್ ರಾಡ್ ಬಡಿಯುತ್ತಿದ್ದರೆ ಸಂಬಳ ಬರುವವರೆಗೆ ಕಾಯಬಹುದು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬ ಈ ವಿವೇಕ ಪ್ರತಿಯೊಬ್ಬ ಕಾರು ಮಾಲೀಕರಿಗೂ ಬೇಕು. ಅದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಕಿಟಕಿ ಇಳಿಸಿ ಕಿವಿಗೊಟ್ಟು ಓಡಿಸುವುದನ್ನು, ಟೈರಿನ ಮೇಲೆ ಅಂಗೈ ಸವರುವುದನ್ನು, ‘ತೋರಿಸಿ’ ಎಂದು ಕೇಳುವುದನ್ನು ರೂಢಿಸಿಕೊಂಡರೆ ಸಾಕು.